ಧಣಿಯ ಪಥ್ಯ

ನನ್ನ ತಂಗಿ ಕೆಂಪಾಜಮ್ಮನ ಗಂಡ ಗೋವಿಂದಯ್ಯ ಹುಣಸೂರಿನ ಬೆಲ್ಲದ ಮಂಡಿಯಲ್ಲಿ ಗುಮಾಸ್ತ. ಧಣಿ ಕಂಠಪ್ಪ ಕೆಮ್ಮಿದರೆ ಇವನಿಗೆ ಗಂಟಲು ಕೆರೆಯುತ್ತಿತ್ತು. ಧಣಿ ಕರೀ ಕೋಟು ಹೊಲಿಸಿದರೆ ಇವನೂ ಹೊಲಿಸಿದ, ಧಣಿ ನಶ್ಯ ಬಿಟ್ಟರೆ ಇವನೂ ಬಿಟ್ಟ. ಅಲ್ಲಿಯವರೆಗೆ ನಾವು ನಗುತ್ತಿದ್ದೆವು. ಆಮೇಲೆ ಧಣಿ ಊಟ ಬಿಟ್ಟ. ಇವನು ತಾನೂ ಬಿಟ್ಟು, ನನ್ನ ತಂಗಿಗೂ ಬಿಡಿಸಿದ. ಅವಳು ಬಾಣಂತನ ಮುಗಿಸಿಕೊಂಡು ತವರಿನಿಂದ ಹೋದವಳು, ಮಡಿಲಲ್ಲಿ ಮೊಲೆ ಕುಡಿಯುವ ಹೆಣ್ಣುಮಗು.

ನಮ್ಮ ಎಡತೊರೆಗೆ ಕೃಷ್ಣರಾಜನಗರ ಎಂಬ ಹೊಸ ಹೆಸರು ಬಂದು, ಅದು ನಮ್ಮ ನಾಲಗೆಗೆ ಇನ್ನೂ ಒಗ್ಗದಿದ್ದ ಕಾಲ. ಮೈಸೂರಿನಿಂದ ಹುಣಸೂರಿಗೆ ಬಂದಿಳಿದ ಪಂಡಿತನೊಬ್ಬ ಕಂಠಪ್ಪನ ಹೊಟ್ಟೆ ಒತ್ತಿ ನೋಡಿ, ಬೊಜ್ಜು ಕರಗಲು ಪಥ್ಯ ಹೇಳಿದ. ಬೆಳಿಗ್ಗೆ ಹುರುಳಿ ಕಟ್ಟು, ರಾತ್ರಿ ಹುರುಳಿ ಕಟ್ಟು, ನಡುವೆ ಅವನೇ ಮಾರುವ ಕಹಿ ಚೂರ್ಣ. ಮುದ್ದೆ, ಅನ್ನ, ತುಪ್ಪ ಮೂರೂ ವಿಷವಂತೆ. ಬೆಂದ ಕಾಳು ಎತ್ತಿಗೆ, ಬಸಿದ ನೀರು ಮನುಷ್ಯರಿಗೆ. ಇದನ್ನು ಕೇಳಿ ಯಾರಾದರೂ ಅವನನ್ನು ಬಂದ ಬಸ್ಸಿಗೇ ಹತ್ತಿಸಬೇಕಿತ್ತು. ಆದರೆ ಕಾರ್ತಿಕದಲ್ಲಿ ಕಂಠಪ್ಪನ ತುಲಾಭಾರ ನಡೆಯಿತು, ಊರಿಗೆ ಊರೇ ಪಥ್ಯಕ್ಕೆ ಬಿತ್ತು.

ಅದು ಕಂಠಪ್ಪ ಎಂದೋ ಜ್ವರದಲ್ಲಿ ಹೊತ್ತ ಹರಕೆ. ವರ್ಷಕ್ಕೊಮ್ಮೆ ಹನುಮಂತರಾಯನ ಗುಡಿಯಲ್ಲಿ ತನ್ನ ತೂಕದಷ್ಟು ಬೆಲ್ಲ ಹಂಚುತ್ತಿದ್ದ. ದೇವರ ತಕ್ಕಡಿಗೆ ಮಂಡಿಯ ತೂಕದ ಕಲ್ಲು ಸೋಕಬಾರದು ಎಂಬುದು ಅಲ್ಲಿಯ ನೇಮ. ಹಾಗಾಗಿ ಮಣ, ಸೇರಿನ ಮಾತಿಲ್ಲ, ಎಷ್ಟು ಅಚ್ಚು ಬೆಲ್ಲ ಕೂತಿತೋ ಅಷ್ಟೇ ಧಣಿಯ ತೂಕ. ಈ ಸಲ ಹಿಂದಿನ ವರ್ಷದ ಮುಕ್ಕಾಲು ಪಾಲು ಅಚ್ಚು ಬೀಳುವಷ್ಟರಲ್ಲೇ ಧಣಿ ಕೂತ ತಟ್ಟೆ ಮೇಲೆದ್ದಿತು. ಕಣ್ಣಾರೆ ಕಂಡ ಜನ ಪಂಡಿತನಿಗೆ ಅಡ್ಡಬಿದ್ದರು.

ಪುಷ್ಯದಲ್ಲಿ ನಾನು ತಂಗಿಯನ್ನು ನೋಡಲು ಹೋದೆ. ಮುಂಗೈಯಲ್ಲಿ ಬಿಗಿಯಾಗಿದ್ದ ಬಳೆಗಳು ಮೊಣಕೈವರೆಗೆ ಓಡಾಡುತ್ತಿದ್ದವು. ಮಗು ಅಳಲೂ ಆಗದೆ ಸುಮ್ಮನೆ ಬಾಯಿ ತೆರೆಯುತ್ತಿತ್ತು.

"ಎದೇಲಿ ಆಲಿಲ್ಲ ಕಣಕ್ಕ," ಎಂದಳು ಕೆಂಪಾಜಮ್ಮ. "ರಾಗಿ ಇಟ್ಟಿರೋ ಕ್ವಾಣೆಗೆ ಬೀಗ ಆಕವ್ರೆ. ಧಣಿ ಮಾಡ್ದಂಗೆ ನಾವೂ ಮಾಡ್ಬೇಕಂತೆ."

ಪಕ್ಕದ ಮನೆಯ ರಾಚಮ್ಮನಿಂದ ಮೇಕೆ ಹಾಲು ತಂದು, ಬಟ್ಟೆಯ ಬತ್ತಿಯನ್ನು ಅದರಲ್ಲಿ ಅದ್ದಿ ಮಗುವಿನ ಬಾಯಿಗೆ ಹಿಂಡುತ್ತಾ ಕೂತೆ. ಮಧ್ಯಾಹ್ನ ಗೋವಿಂದಯ್ಯ ಬಂದ.

"ನೋಡಿ ಅತ್ಗೆ, ಎಂಗೆ ಅಗುರಾಗವ್ಳೆ," ಎಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು. "ಪಥ್ಯ ಫಲ ಕೊಟ್ಟದೆ."

"ಮಗೀಗೂ ಕೊಟ್ಟದೆ ಕಣ್ರೀ. ಒಂದ್ಸಲ ಎತ್ಕೊಂಡು ನೋಡಿ," ಎಂದೆ.

ಅವನು ಎತ್ತಿಕೊಳ್ಳಲಿಲ್ಲ. "ಧಣಿಗೆ ಅನುಕೂಲ ಆಗಿದ್ದು ನಮಗಾಗಕಿಲ್ವಾ? ಗುಡೀಲಿ ಅಚ್ಚು ಎಣಿಸ್ದೋನೇ ನಾನು," ಎಂದು ದೇವರ ಗೂಡಿನತ್ತ ಕೈ ತೋರಿಸಿದ. ಆ ವರ್ಷದ್ದೊಂದು, ಹಿಂದಿನ ವರ್ಷದ್ದೊಂದು, ಪ್ರಸಾದದ ಎರಡು ಬೆಲ್ಲದಚ್ಚುಗಳನ್ನು ಅಲ್ಲಿ ಕುಂಕುಮ ಹಚ್ಚಿ ಇಟ್ಟಿದ್ದ.

ನಾನು ಎರಡನ್ನೂ ಕೈಗೆತ್ತಿಕೊಂಡೆ. ಹೊಸದು ನಮ್ಮ ಆಲೆಮನೆಯದೇ. ಹಳೆಯ ಅಚ್ಚಿನ ಮಣೆ ಸೀಳಿತೆಂದು ನನ್ನ ಗಂಡ ಹೊಸದು ಮಾಡಿಸಿದಾಗ ಬಡಗಿ ಗುಳಿಗಳನ್ನು ದೊಡ್ಡದಾಗಿ ತೋಡಿಬಿಟ್ಟಿದ್ದ. ಆ ಸಲದ ಬೆಲ್ಲವನ್ನೆಲ್ಲ ಕಂಠಪ್ಪನ ಮಂಡಿಯೇ ಕೊಂಡಿತ್ತು, ತುಲಾಭಾರಕ್ಕೂ ಅದನ್ನೇ ಇಟ್ಟಿದ್ದರು. ಅಚ್ಚು ದೊಡ್ಡದಾದರೆ ಎಣಿಕೆ ಕಡಿಮೆಯಾಗದೆ ಇನ್ನೇನಾಗುತ್ತದೆ? ದಿನ ಬೆಳಗಾದರೆ ಬೆಲ್ಲದಲ್ಲೇ ಮುಳುಗೇಳುವ ಮಂಡಿಯವರಿಗೆ ಇಷ್ಟು ಹೊಳೆಯಲಿಲ್ಲ. ಹೊಳೆದವರೂ ಧಣಿಗೆ ಬೇಸರವಾದೀತೆಂದು ಬಾಯಿ ಮುಚ್ಚಿಕೊಂಡಿದ್ದರೇನೋ. ಆ ಕ್ಷಣ ನನಗೆ ಬಂದ ಸಿಟ್ಟಿಗೆ ಎರಡೂ ಅಚ್ಚನ್ನು ಗೋವಿಂದಯ್ಯನ ತಲೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಸೆರಗಿಗೆ ಕಟ್ಟಿಕೊಂಡು ಮಂಡಿಗೆ ನಡೆದೆ. "ಅತ್ಗೆ, ಬ್ಯಾಡಿ, ನನ್ನ ಕೆಲ್ಸ ಓಯ್ತದೆ," ಎನ್ನುತ್ತಾ ಅವನು ಹಿಂದೆಯೇ ಬಂದ.

ಕಂಠಪ್ಪ ಗಾದಿಯ ಮೇಲೆ ಕೂತು ಬಾದಾಮಿ ಹಾಲು ಕುಡಿಯುತ್ತಿದ್ದ. ಧಣಿಗಳಿಗೆ ಅದು ಪಥ್ಯವೇ ಎಂದು ಪಂಡಿತ ಅಪ್ಪಣೆ ಕೊಟ್ಟಿದ್ದನಂತೆ. ನಾನು ಕೇಳದೆ ಕೊಳ್ಳದೆ ಮಂಡಿಯ ತಕ್ಕಡಿಯ ಒಂದು ತಟ್ಟೆಗೆ ಹಳೆಯ ಅಚ್ಚು, ಇನ್ನೊಂದಕ್ಕೆ ಹೊಸದು ಹಾಕಿದೆ. ಹೊಸದು ಧಡಕ್ಕನೆ ನೆಲ ಮುಟ್ಟಿತು. ಹಳೆಯದರ ಪಕ್ಕಕ್ಕೆ ಅದರ ಅರ್ಧ ತೂಕದ ಕಲ್ಲು ಇಟ್ಟು ಸಮ ಮಾಡಿದೆ. ಹೊಸ ಅಚ್ಚು ಹಳೆಯದರ ಒಂದೂವರೆಯಷ್ಟಿತ್ತು.

ಕಂಠಪ್ಪ ವ್ಯಾಪಾರಿ. ಬೆರಳು ಮಡಚಿ ಲೆಕ್ಕ ಹಾಕಿದ.

"ಅಂಗಾದ್ರೆ ನಾನು ಇಳ್ದೇ ಇಲ್ವೇನವ್ವ?"

"ಇಳ್ದಿಲ್ಲ, ಒಸಿ ಏರಿದ್ದೀರಿ. ಇಳ್ದಿರೋದು ನನ್ನ ತಂಗಿ. ಅವಳ ಎದೇಲಿ ಆಲು ಬತ್ತಿ ಮಗು ಸಾಯ್ತಾ ಅದೆ. ನಿಮ್ಮ ಗುಮಾಸ್ತರಿಗೆ ಒಂದ್ಮಾತು ಏಳಿ."

ಮಗುವಿನ ಮಾತು ಅವನ ಕಿವಿಗೆ ಬಿದ್ದಿತೋ ಇಲ್ಲವೋ. ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಕಳ್ಳ ನನ್ಮಗ, ಮೂರು ತಿಂಗಳು ನನ್ನ ಮುದ್ದೆ ತಪ್ಪಿಸ್ಬುಟ್ಟ," ಎಂದು ಪಂಡಿತನನ್ನು ಬೈದು ಊಟಕ್ಕೆದ್ದ. ಮನೆ ಮಂಡಿಯ ಹಿಂದೆಯೇ ಇತ್ತು. ಎಲೆ ಹಾಕಿದ ಸದ್ದು, ಬಡಿಸಿದ ಸದ್ದು ನಮಗೆ ಕೇಳಿಸಿತು. ಗೋವಿಂದಯ್ಯ ಬಾಗಿಲ ಬಳಿ ನಿಂತು, ಧಣಿ ತುತ್ತು ಎತ್ತಿದ್ದನ್ನು ಇಣುಕಿ ನೋಡಿಯೇ ಮನೆಯ ಕಡೆ ಹೆಜ್ಜೆ ಹಾಕಿದ.

ಮನೆಗೆ ಬಂದವನೇ ಕೋಣೆಯ ಬೀಗ ತೆಗೆದ. "ಲೇ ಕೆಂಪಾಜಿ, ಮುದ್ದೆ ಮಾಡ್ಕೊಂಡು ಉಣ್ಣು. ಧಣಿ ಊಟ ಮಾಡಿದ್ರು," ಎಂದು ಹಬ್ಬದ ಸುದ್ದಿ ತಂದವನ ಹಾಗೆ ಹೇಳಿದ.

ಹೆತ್ತ ಮಗು ಬಾಯಿ ಬಿಡುವಾಗ ತೆಗೆಯದ ಬೀಗವನ್ನು ಈ ಗಂಡಸು ಇನ್ನೊಬ್ಬನ ಹೊಟ್ಟೆ ತುಂಬಿದ್ದಕ್ಕೆ ತೆಗೆದಿದ್ದ. ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಪಾಜಮ್ಮ ಎದ್ದಳು. ಗೋಡೆ ಹಿಡಿದು ಎದ್ದಳು. ಮಗುವನ್ನು ಹೆಗಲಿಗೆ ಹಾಕಿಕೊಂಡು, "ಅಕ್ಕ, ಗಾಡಿ ಕಟ್ಸು. ನಿಮ್ಮನೇಗೆ ಬತ್ತೀನಿ," ಎಂದಳು.

"ಈಗ ಉಣ್ಣು ಅಂದ್ನಲ್ಲ, ಇನ್ನೇನು ಕ್ವಾಪ?" ಎಂದ ಗೋವಿಂದಯ್ಯ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ನಾಳೀಕೆ ನಿಮ್ಮ ಧಣಿ ತಿರುಗಾ ಪಥ್ಯ ಇಡುದ್ರೆ ಏನ್ ಮಾಡ್ತೀರಿ?"

ಅವಳು ಉತ್ತರಕ್ಕಾಗಿ ನಿಂತಳು. ಗೋವಿಂದಯ್ಯ ಅವಳ ಮುಖ ನೋಡಿದ, ಮಗುವನ್ನು ನೋಡಿದ, ಆಮೇಲೆ ತಿರುಗಿ ಮಂಡಿಯ ಕಡೆ ನೋಡಿದ.