ಕಲಬುರಗಿ ೨೨

ನಾನು ಒಂದು ಮೈಲಿಗಲ್ಲು. ಶಹಾಬಾದಿನ ಕಲ್ಲುಗಣಿಯಲ್ಲಿ ಹುಟ್ಟಿದೆ. ಕಲ್ಲುಕುಟಿಗನೊಬ್ಬ ಉಳಿಯೇಟು ಕೊಟ್ಟು ನನ್ನ ಎದೆಯ ಮೇಲೆ ‘ಗುಲಬರ್ಗಾ ೨೨’ ಎಂದು ಕೆತ್ತಿದ. ನೋವಾಯಿತು ನಿಜ, ಜಂಬವೂ ಬಂತು. ಮೂರು ದಾರಿ ಕೂಡುವ ಕಡೆ ನನ್ನನ್ನು ಹುಗಿದರು.

ಪಕ್ಕದಲ್ಲೇ ಬಸ್ಸು ನಿಲ್ಲುತ್ತಿತ್ತು. ಕಾಯುವವರಿಗೆ ಮಾತಿಗೇನು ಬರ? ಊರಿನ ಹಳೆಯ ಹೆಸರು ಕಲಬುರಗಿ, ಹಾಗೆಂದರೆ ಕಲ್ಲಿನ ನೆಲ ಅನ್ನುತ್ತಿದ್ದರು ಭೀಮಶಂಕರ ಮಾಸ್ತರು. ಗುಲ್ ಅಂದರೆ ಹೂವು, ಬರ್ಗ್ ಅಂದರೆ ಎಲೆ, ಅದು ಹೂದೋಟ ಅನ್ನುತ್ತಿದ್ದ ಪಂಕ್ಚರ್ ಅಂಗಡಿಯ ಮಕಬೂಲ್. ನಾನು ಕಲ್ಲು, ನನ್ನ ಓಟು ಯಾರಿಗೆಂದು ಬೇರೆ ಹೇಳಬೇಕೇ?

ವರ್ಷಕ್ಕೊಮ್ಮೆ ನನ್ನ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುತ್ತಿದ್ದವಳು ರಸ್ತೆ ಕೆಲಸದ ಜಗದೇವಿ. ಬಣ್ಣ ತುಂಬುವವಳಿಗೆ ಓದಲೂ ಬರುತ್ತದೆಂದು ಎಲ್ಲರೂ ನಂಬಿದ್ದರು. ನಾಚಿಕೆಗೆ ಅವಳೂ ಬಾಯಿ ಬಿಡಲಿಲ್ಲ. ಅವಳು ಗುರುತಿಸುತ್ತಿದ್ದದ್ದು ನನ್ನ ಮೇಲಿನ ಆ ಒಂದೇ ಹೆಸರು. ಬಸ್ಸಿನ ಬೋರ್ಡಿನಲ್ಲಿ ಅದನ್ನು ಕಂಡರೆ ಹತ್ತುತ್ತಿದ್ದಳು.

ಮುಂದೆ ಸರಕಾರ ಊರಿಗೆ ಕಲಬುರಗಿ ಎಂಬ ಹೆಸರನ್ನೇ ಕೊಟ್ಟಿತು. ಮೊದಲು ಬದಲಾದದ್ದು ಬಸ್ಸಿನ ಬೋರ್ಡು. ಅದೇ ವಾರ ಜಗದೇವಿಯ ಮಗಳು ಹೆರಿಗೆಗೆಂದು ಅಲ್ಲಿಯ ಆಸ್ಪತ್ರೆ ಸೇರಿದ್ದಳು. ಹೊಟ್ಟೆ ಕೊಯ್ಯಬೇಕು, ಬೇಗ ಬಾ ಎಂದು ಫೋನು ಬಂತು. ಜಗದೇವಿ ಓಡಿ ಬಂದಳು. ಒಂದು ಬಸ್ಸು ಬಂತು, ಹೋಯಿತು. ಇನ್ನೊಂದೂ ಹೋಯಿತು. ಅಯ್ಯೋ, ಅದೇ ನಿನ್ನ ಬಸ್ಸವ್ವಾ ಎಂದು ನಾನು ಒಳಗೊಳಗೇ ಒದ್ದಾಡಿದೆ.

ಕೊನೆಗೆ ಅವಳು ಮಕಬೂಲನ ಮುಂದೆ ನಿಂತು, ತನಗೆ ಓದಲು ಬರುವುದಿಲ್ಲ ಎಂದು ಹೇಳಿಬಿಟ್ಟಳು. ಮುಂದಿನ ಬಸ್ಸಿಗೆ ತಾನೇ ಹತ್ತಿಸುವೆನೆಂದ ಅವನು. ಅವಳು ಒಪ್ಪಲಿಲ್ಲ.

“ಇವತ್ತ ನೀ ಹತ್ತಸ್ತಿ ಅಣ್ಣಾ, ನಾಳಿ ಯಾರ್ ಹತ್ತಸ್ತಾರ? ಬರದು ತೋರ್ಸು.”

ಅವನು ಸೀಮೆಸುಣ್ಣದಿಂದ ನನ್ನ ಬೆನ್ನ ಮೇಲೆ ‘ಕಲಬುರಗಿ’ ಎಂದು ಬರೆದ. ಜಗದೇವಿ ಬೆರಳಿನಿಂದ ತಿದ್ದಿದಳು, ಮತ್ತೆ ಮತ್ತೆ ತಿದ್ದಿದಳು. ಮೂರನೆಯ ಬಸ್ಸಿಗೆ ತಾನೇ ಕೈ ಅಡ್ಡ ಹಿಡಿದಳು. ಮಗಳನ್ನು ಒಳಗೆ ಒಯ್ಯುವ ಮೊದಲು ಅವಳ ಕೈ ಹಿಡಿದುಕೊಂಡಳಂತೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ಆಮೇಲೆ ಅವಳು ಐದು ಅಕ್ಷರಕ್ಕೇ ನಿಲ್ಲಲಿಲ್ಲ. ಬಸ್ಸು ಕಾಯುವಾಗೆಲ್ಲ ಮಾಸ್ತರ ಬೆನ್ನು ಹತ್ತಿ ಒಂದೊಂದೇ ಕಲಿತಳು.

ಈಗ ರಸ್ತೆ ಅಗಲವಾಗಿದೆ. ನನ್ನನ್ನು ಕಿತ್ತು ಲೋಕೋಪಯೋಗಿ ಇಲಾಖೆಯ ಅಂಗಳದ ಮೂಲೆಗೆ ಎಸೆದಿದ್ದಾರೆ. ಕಲ್ಲೋ ಹೂವೋ ಎಂಬ ಜಗಳ ನನಗೂ ಸಾಕಾಗಿದೆ. ಜಗದೇವಿಗೆ ಆ ಹೆಸರಿನ ಅರ್ಥ ಮಗಳು ಮಲಗಿದ್ದ ಊರು, ಅಷ್ಟೇ.

ಮೊನ್ನೆ ಅವಳು ನನ್ನನ್ನು ಹುಡುಕಿಕೊಂಡು ಬಂದಳು. ತಲೆ ಬೆಳ್ಳಗಾಗಿದೆ. ಗೇಟಿನ ಮೇಲಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: “ಅಪ್ಪಣೆ ಇಲ್ಲದೆ ಒಳಗೆ ಬರಬಾರದು.” ಪೂರ್ತಿ ಓದಿ ಮುಗಿಸಿ, ಸೀದಾ ಒಳಗೆ ಬಂದಳು.