ಹೊರಗಿನವರಿಗೆ ತೋರಿಸುವುದಿಲ್ಲ

ಮತ್ತೆ ಅದೇ ಪಿಟೀಲಿನ ತುಣುಕು, ಏರಿ ಏರಿ ಅಲ್ಲೇ ಕಡಿದು ಮತ್ತೆ ಮೊದಲಿಗೆ, ನಿಮ್ಮ ಕರೆ ನಮಗೆ ಅಮೂಲ್ಯ ಅನ್ನುವ ಹೆಂಗಸಿನ ದನಿ, ಅಮೂಲ್ಯವಂತೆ, ಅಮೂಲ್ಯವಾದದ್ದನ್ನು ಯಾರಾದರೂ ಹೀಗೆ ಕಾಯಿಸುತ್ತಾರೆಯೇ, ಅವಳು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಅದುಮಿಕೊಂಡಳು — ಎದುರಿಗೆ ಆಸ್ಪತ್ರೆಯ ಹೊಸ ಸರ್ವರ್, ಈ ಕಂಪನಿಯವರದೇ, ಸತ್ತಂತೆ ಕೂತಿದೆ, ಕೆಳಗೆ ಬ್ಲಡ್ ಬ್ಯಾಂಕಿನ ನರ್ಸ್ ಕಾಯುತ್ತಿದ್ದಾಳೆ, ಯಾವ ಚೀಲದ ರಕ್ತ ಯಾವ ರೋಗಿಗೆ ಎಂಬುದೆಲ್ಲ ಇದರ ಹೊಟ್ಟೆಯೊಳಗೆ, ಇಂಟರ್‌ಕಾಮಿನಲ್ಲಿ ಅವಳದೇ ದನಿ, ಮೇಡಂ, ಆಪರೇಷನ್ ನಿಲ್ಸಿದಾರೆ, ಡಾಕ್ಟ್ರು ನನ್ ಮೇಲೆ ರೇಗ್ತಿದಾರೆ, ಇರಮ್ಮ, ಇನ್ನು ಸ್ವಲ್ಪ ಇರು. ಸ್ವಲ್ಪ ಎಂದರೆ ಎಷ್ಟು, ತನಗಾದರೂ ಏನು ಗೊತ್ತು. ಹಳೆಯ ಸರ್ವರ್ ಆಗಿದ್ದರೆ ಗೊತ್ತಿರುತ್ತಿತ್ತು, ಅದರ ಸೋರ್ಸ್ ಕೋಡ್, ಅದನ್ನು ನಡೆಸುವ ಮೂಲ ಬರಹ, ಪೂರ್ತಿ ಕಣ್ಣೆದುರಿಗೇ ಇತ್ತು, ಒಮ್ಮೆ ಅದು ಹೀಗೇ ಮಲಗಿದಾಗ ಭಾವನೂ ಅವಳೂ ಪಕ್ಕಪಕ್ಕ ಕೂತು ಸಾಲುಸಾಲಾಗಿ ಓದಿ, ತಪ್ಪು ಹಿಡಿದು ತಿದ್ದಿ, ಚಹಾ ಆರುವ ಮೊದಲೇ ಎಬ್ಬಿಸಿದ್ದರು — ಭಾವ, ಅಕ್ಕನ ಗಂಡ, ಆಗ ಈ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ಅವಳಿಗೆ ಕೋಡ್ ಓದಲು ಕಲಿಸಿದವರು, ಒಳಗೇನಿದೆ ಅಂತ ತೋರಿಸದೆ ಇರೋರನ್ನ ನಂಬಬೇಡ ಪುಟ್ಟಿ ಎಂದು ಊಟಕ್ಕೆ ಕೂತಾಗಲೂ ತಲೆ ತಿನ್ನುತ್ತಿದ್ದವರು.

ಆಮೇಲೆ ಹೊಸ ಸರ್ವರ್ ಕೊಳ್ಳಬೇಕೇ ಎಂಬ ಆ ಸಭೆ. ಕೋಡ್ ಕೊಡೋದಿಲ್ಲ, ಆದರೆ ಯಾವಾಗ ಕರೆದರೂ ನಾವಿದ್ದೇವೆ ಎಂದು ಕಂಪನಿಯ ಮಾರಾಟಗಾರ ಎಲ್ಲರಿಗೂ ಬೆಣ್ಣೆ ಹಚ್ಚಿದ, ಇವರಿಬ್ಬರೂ ಒಟ್ಟಿಗೆ ಹುಷಾರು ತಪ್ಪಿದರೆ ಆಸ್ಪತ್ರೆಯ ಗತಿಯೇನು ಅಂದ, ಅದೇನೂ ಸುಳ್ಳಲ್ಲ, ಅವಳೂ ಒಪ್ಪುತ್ತಾಳೆ, ಆದರೂ ಗಂಟಲು ಹರಿದುಕೊಂಡು ವಾದಿಸಿದಳು, ಭಾವ ಇದ್ದಾರಲ್ಲ ಎಂಬ ಧೈರ್ಯ, ಕಂಪನಿ ಪರ ಇರೋರು ಕೈ ಎತ್ತಿ ಎಂದರು ನಿರ್ದೇಶಕರು, ಭಾವನ ಕೈ ಮೇಲೆದ್ದಿತು, ಕನ್ನಡಕ ಸರಿಮಾಡಿಕೊಳ್ಳಲು ಎಂದುಕೊಂಡಳು, ಕನ್ನಡಕ ದಾಟಿ, ಕಿವಿ ದಾಟಿ, ಮೇಲೆ ಹೋಯಿತು. ನಾನು ಕೆಲಸ ಬಿಟ್ಮೇಲೆ ನೀನೊಬ್ಳೇ ಒದ್ದಾಡಬಾರದು ಅಂತ ಪುಟ್ಟಿ — ಅದನ್ನೂ ನಂಬಿದಳು, ಬೀಳ್ಕೊಡುಗೆಯಲ್ಲಿ ಎಲ್ಲರಿಗಿಂತ ಹೆಚ್ಚು ಅತ್ತದ್ದೂ ಅವಳೇ, ಈಗ ಮನೇಲಿ ಆರಾಮಾಗಿದಾರೆ ಕಣೆ ಎಂದು ಅಕ್ಕ ಮೊನ್ನೆ ತಾನೇ ಹೇಳಿದಳು, ಹೇಳುವಾಗಲೂ ಇವಳ ಕಣ್ಣಮುಂದೆ ಆ ಕೈ. ಪಿಟೀಲು ನಿಂತಿತು. ನಮ್ಮ ಸೀನಿಯರ್‌ಗೆ ಲೈನ್ ಕೊಡ್ತೀನಿ ಮೇಡಂ, ಹೊಸಬರು, ಆದ್ರೆ ಆಸ್ಪತ್ರೆ ಕೆಲಸ ಚೆನ್ನಾಗಿ ಬಲ್ಲೋರು. ನಮಸ್ಕಾರ, ಕಂಪ್ಲೇಂಟ್ ನಂಬರ್ ಹೇಳಿ — ಆ ಕೆಮ್ಮು, ಮಾತಿಗೆ ಮುಂಚೆ ಬರುವ ಆ ಒಣ ಕೆಮ್ಮು, ಭಾವ? ಆ ಕಡೆಯಿಂದ ಮೆಲ್ಲಗೆ, ಪುಟ್ಟಿ. ಅಕ್ಕನಿಗೂ ಗೊತ್ತಿತ್ತು ಹಾಗಾದರೆ, ಗಂಡ ಹೆಂಡತಿ ಸೇರಿ ಅವಳ ಕಣ್ಣಿಗೆ ಮಣ್ಣೆರಚಿದರು, ಸಭೆಗೆ ಮೊದಲೇ ಕಂಪನಿಯ ಜೊತೆ ಮಾತಾಗಿತ್ತೇ, ಈಗ ಕೇಳಬಾರದು, ಕೆಳಗೆ ರೋಗಿ ಮಲಗಿದ್ದಾನೆ, ಭಾವ, ಆ ಸೋರ್ಸ್ ಒಂದ್ಸಲ ತೆಗೀರಿ, ಇಬ್ರೂ ಸೇರಿ ಓದೋಣ, ತಪ್ಪು ಎಲ್ಲಿದೆ ಅಂತ ನಂಗೆ ಅಂದಾಜಿದೆ. ಇಲ್ಲ ಪುಟ್ಟಿ, ಅದನ್ನ ನಾವು ಹೊರಗಿನೋರಿಗೆ ತೋರಿಸಲ್ಲ. ನಾವು. ಹೊರಗಿನೋರು. ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡು ಅನ್ನುತ್ತಿದ್ದಾರೆ, ಇನ್ನೇನೋ ಅನ್ನುತ್ತಿದ್ದಾರೆ, ಅವಳಿಗೆ ಕೇಳುತ್ತಿಲ್ಲ, ಕಾಣುತ್ತಿದೆ ಅಷ್ಟೆ — ಕನ್ನಡಕ ದಾಟಿ, ಕಿವಿ ದಾಟಿ, ಮೇಲೆ, ಆ ಕೈ.