ಬಿಚ್ಚಿ ಹೊಲಿದ ಬ್ಯಾನರ್

ಬೀದಿಯ ಆಸ್ಪತ್ರೆಯ ಹೆರಿಗೆ ಕೋಣೆಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ನೋವು ಶುರುವಾದರೆ ಬಸ್ಸು ಹಿಡಿದು ಒಂದು ಗಂಟೆ ದೂರದ ದೊಡ್ಡಾಸ್ಪತ್ರೆಗೇ ಓಡಬೇಕು. ಟೈಲರಮ್ಮನ ಬಸುರಿ ಮಗಳಿಗೆ ಈಗ ಏಳು ತಿಂಗಳು. ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕೂತ ಮಗಳು ಸೊಂಟ ಹಿಡಿದುಕೊಂಡು ಎದ್ದರೆ ಸಾಕು, ತಾಯಿಯ ಮಿಷನ್ನು ನಿಂತುಬಿಡುತ್ತಿತ್ತು.

ಅದಕ್ಕೇ ಟೈಲರಮ್ಮ ದಾದಿಯಕ್ಕನನ್ನು ನಂಬಿಕೊಂಡಿದ್ದಳು. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಹೆರಿಗೆ ಮಾಡಿಸಿದ ದಾದಿಯಕ್ಕ, ಬೀಗ ತೆಗೆಸಲೆಂದೇ ಚುನಾವಣೆಗೆ ನಿಲ್ಲಲು ಹೊರಟಿದ್ದಳು. ಆದರೆ ಪಕ್ಷದ ಸದಸ್ಯರು ಸಭೆ ಸೇರಿ, ಕೈಯೆತ್ತಿ, ಮೇಷ್ಟ್ರನ್ನು ಅಭ್ಯರ್ಥಿಯಾಗಿ ಆರಿಸಿದ್ದರು. ಇವತ್ತು ಸಂಜೆ ಮೈದಾನದಲ್ಲಿ ಮೇಷ್ಟ್ರ ದೊಡ್ಡ ಸಭೆ. ಬೆಳಗಿನಿಂದ ಮೈಕು ಕಟ್ಟಿದ ಗಾಡಿ ಬೀದಿಯನ್ನೆಲ್ಲ ಎಬ್ಬಿಸುತ್ತಿತ್ತು.

"ಅಕ್ಕಾ, ಹೊರಟ್ರಾ?" ಇಸ್ತ್ರಿಯವಳು ಅಂಗಡಿ ಬಾಗಿಲಲ್ಲಿ ನಿಂತಳು. ಬಟ್ಟೆ ಸುತ್ತುವ ಮುಂಚೆ ಪೇಪರನ್ನು ಪೂರ್ತಿ ಓದುವ ಹೆಂಗಸು ಅವಳು.

"ನಾನು ಬರಲ್ಲ. ದಾದಿಯಕ್ಕನಿಗೆ ಮೋಸ ಮಾಡಿದ್ರು."

"ಮೋಸ ಎಲ್ಲಿ ಬಂತು? ನಾನಲ್ಲೇ ಇದ್ದೆ. ಎರಡು ಸಲ ಎಣಿಸಿದ್ರು. ನಾಲ್ಕು ಕೈ ಕಮ್ಮಿ ಬಿತ್ತು." ಅವಳು ಕೇಳಿದಳು, "ಅವತ್ತು ನೀವೆಲ್ಲಿದ್ರಿ?"

ಟೈಲರಮ್ಮನ ಕಣ್ಣು ಅಟ್ಟದ ಮೇಲೆ ಸುತ್ತಿಟ್ಟಿದ್ದ ಬಟ್ಟೆಯ ಕಡೆ ಹೋಯಿತು. ಅವತ್ತು ಅವಳು, ಮಗಳು, ಅಂಗಡಿಯ ಮೂವರು ಹೆಂಗಸರು ಇಲ್ಲೇ ಕೂತು ಬ್ಯಾನರ್ ಹೊಲಿದಿದ್ದರು. 'ನಮ್ಮ ಅಭ್ಯರ್ಥಿ ದಾದಿಯಕ್ಕ' ಎಂದು ಕೆಂಪು ಅಕ್ಷರ ಕತ್ತರಿಸಿ, ಬಿಳಿ ಬಟ್ಟೆಗೆ ಕೂರಿಸಿದ್ದರು. ಗೆಲ್ಲೋದು ಗ್ಯಾರಂಟಿ, ಮೆರವಣಿಗೆ ಬೋಳು ಕಾಣಬಾರದು ಅಂತ ಆತುರ. ಐವರೂ ಸದಸ್ಯರೇ. ಒಬ್ಬರೂ ಸಭೆಗೆ ಹೋಗಿರಲಿಲ್ಲ.

ನಾಲ್ಕು ಕೈ ಕಮ್ಮಿ. ಇಲ್ಲಿ ಐದು ಕೈ ಬಟ್ಟೆ ಹಿಡಿದಿದ್ದವು.



"ನಾವೇ ಸೋಲಿಸಿಬಿಟ್ವಲ್ಲೇ," ಎಂದಳು ಟೈಲರಮ್ಮ.

"ಇವತ್ತೂ ಒಳಗೇ ಕೂತ್ರೆ ಮೇಷ್ಟ್ರೂ ಸೋಲ್ತಾರೆ. ಬೀಗ ಹಾಕಿಸಿದ ಪಕ್ಷದವರೇ ಮತ್ತೆ ಗೆದ್ದು ಬರ್ತಾರೆ."

"ಮೇಷ್ಟ್ರಿಗೆ ಹೆರಿಗೆ ಕೋಣೆ ವಿಷಯ ಏನು ಗೊತ್ತು? ಮಗು ಅತ್ರೆ ಬೆಂಚ್ ಮೇಲೆ ನಿಲ್ಸೋ ಮನುಷ್ಯ!"

"ಗೊತ್ತಿಲ್ಲಾಂದ್ರೆ ಹೋಗಿ ಕೇಳಿ. ಸಭೆ ಬರೀ ಚಪ್ಪಾಳೆ ಹೊಡಿಯೋಕಾ?"

"ದಾದಿಯಕ್ಕ ಮುನಿಸ್ಕೊಂಡಿರ್ತಾಳೆ."

"ಎಲ್ಲಿಯ ಮುನಿಸು! ಬೆಳಿಗ್ಗೆಯಿಂದ ಮೈದಾನದಲ್ಲಿ ಕುರ್ಚಿ ಹಾಕಿಸ್ತಿದಾರೆ. ಸೋತೋರಿಗಿಲ್ಲದ ಸಿಟ್ಟು ನಿಮಗ್ಯಾಕಕ್ಕಾ?"

ಟೈಲರಮ್ಮ ಎದ್ದು ಅಟ್ಟದಿಂದ ಬ್ಯಾನರ್ ಎಳೆದಳು. ಧೂಳು ಹಾರಿತು. "ಕತ್ತರಿ ಕೊಡೇ! ಎಲ್ಲರೂ ಬನ್ನಿ, ಹೊಲಿಗೆ ಬಿಚ್ಚಿ!"

ಒಬ್ಬಳು ದಾರ ಕಿತ್ತಳು, ಒಬ್ಬಳು ಹೊಸ ಅಕ್ಷರ ಕತ್ತರಿಸಿದಳು, ಇಸ್ತ್ರಿಯವಳು ಪೆಟ್ಟಿಗೆ ಕಾಯಿಸಿ ಸುಕ್ಕು ತೆಗೆದಳು. "ಮೇಷ್ಟ್ರ ಹೆಸರು ಗಿಡ್ಡ, ಬಟ್ಟೆ ಉಳೀತು," ಎಂದು ಮಗಳು ನಕ್ಕಳು. ಹಳೆಯ ಹೆಸರಿನ ಸೂಜಿತೂತುಗಳು ಮಾತ್ರ ಹಾಗೇ ಉಳಿದವು. ಟೈಲರಮ್ಮ ಅವುಗಳ ಮೇಲೆ ಒಮ್ಮೆ ಬೆರಳಾಡಿಸಿದಳು, ಆಮೇಲೆ ಮಿಷನ್ ತುಳಿದಳು.

ಮೈದಾನ ತುಂಬಿ ತುಳುಕುತ್ತಿತ್ತು. ಬ್ಯಾನರಿನ ಒಂದು ಕೋಲು ಇಸ್ತ್ರಿಯವಳ ಕೈಯಲ್ಲಿ, ಇನ್ನೊಂದು ಟೈಲರಮ್ಮನ ಕೈಯಲ್ಲಿ. ಮಗಳು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಮೇಷ್ಟ್ರ ಮಾತು ಮುಗಿಯುತ್ತಿದ್ದಂತೆ ಟೈಲರಮ್ಮ ಕೋಲನ್ನು ಪಕ್ಕದವಳಿಗೆ ಕೊಟ್ಟು ಕೈಯೆತ್ತಿದಳು.

"ಮೇಷ್ಟ್ರೇ, ಹೆರಿಗೆ ಕೋಣೆ ಬೀಗ ತೆಗೆಸ್ತೀರಾ, ಇಲ್ವಾ? ಸುತ್ತಿ ಬಳಸಿ ಹೇಳ್ಬೇಡಿ."

ಮೇಷ್ಟ್ರು ಜೇಬಿನಿಂದ ಒಂದು ಹಾಳೆ ತೆಗೆದರು. "ಏನೇನು ಬೇಕೂಂತ ದಾದಿಯಕ್ಕ ನಿನ್ನೆ ಬರೆದುಕೊಟ್ಟಿದ್ದಾರೆ. ಇದೇ ನನ್ನ ಮೊದಲ ಕೆಲಸ. ನಿಮ್ಮೆಲ್ಲರ ಎದುರಿಗೇ ಸಹಿ ಹಾಕ್ತೀನಿ." ಸಹಿ ಹಾಕಿ, ಬ್ಯಾನರ್ ನೋಡಿ ನಕ್ಕರು. "ಮಾತು ತಪ್ಪಿದ್ರೆ ನನ್ನ ಹೆಸರನ್ನೂ ಬಿಚ್ಚಿಬಿಡಿ ತಾಯಿ."

"ಕತ್ತರಿ ಸೊಂಟದಲ್ಲೇ ಇದೆ!" ಎಂದಳು ಟೈಲರಮ್ಮ. ನಗು, ಚಪ್ಪಾಳೆ ಒಟ್ಟಿಗೇ ಎದ್ದವು. ವೇದಿಕೆಯ ಮೇಲಿದ್ದ ದಾದಿಯಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಟೈಲರಮ್ಮ ಕೋಲನ್ನು ಮತ್ತೆ ಕೈಗೆ ತೆಗೆದುಕೊಂಡು ಬ್ಯಾನರನ್ನು ಆದಷ್ಟೂ ಎತ್ತರಕ್ಕೆ ಹಿಡಿದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಪಕ್ಷ ಯಾವುದೇ ಇರಲಿ. ಅಭ್ಯರ್ಥಿಯನ್ನು ಆರಿಸುವ ದಿನ ಕೆಲಸ ಬದಿಗಿಟ್ಟು ಹೋಗಿ, ಕೈಯೆತ್ತಿ. ನಿಮಗೆ ಬೇಕಾದವರು ಸೋತರೂ ಮುನಿಸಿಕೊಂಡು ಮನೆಯಲ್ಲಿ ಕೂರಬೇಡಿ. ಸಭೆಗೆ ಹೋಗಿ, ಕೇಳಬೇಕಾದ್ದನ್ನು ಎದುರಿಗೇ ಕೇಳಿ, ಉತ್ತರ ಒಪ್ಪಿಗೆಯಾದರೆ ಜೊತೆಗೆ ನಿಲ್ಲಿ. ಮತದಾನದ ದಿನ ಮನೆಮಂದಿಯನ್ನೆಲ್ಲ ಕರೆದುಕೊಂಡು ಬನ್ನಿ. ಎಣಿಸುವಾಗ ನಿಮ್ಮ ಕೈ ಅಲ್ಲಿರಲಿ.